ಲೆಕ್ಕದ ನೋಟ್‌ಬುಕ್ ಮತ್ತು 6 ಡೆಸಿಬೆಲ್: ಕಿವಿಯೊಳಗಿನ ಸದ್ದಿನ ಒಂದು ಪ್ರಕರಣ

ಮೊದಲ ಸಲ ಬಂದಾಗ ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಚೀಲದಿಂದ ಚೌಕದ ಹಾಳೆಯ ಒಂದು ಲೆಕ್ಕದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ಇದರಲ್ಲೇ ಇದೆ, ಮೇಡಂ" ಅಂದರು.

ಬಿಡಿಸಿ ನೋಡಿದೆ. ಎಡಗಡೆ ದಿನಾಂಕ, ಮೇಲುಗಡೆ ಗಂಟೆ. ಬೆಳಗ್ಗೆ 6ರಿಂದ ರಾತ್ರಿ 12ರವರೆಗೆ ಒಂದೊಂದು ಗಂಟೆಗೆ ಒಂದೊಂದು ಚೌಕ, ಚೌಕದೊಳಗೆ ಒಂದು ಅಂಕಿ. 1 ಅಂದರೆ ಕಿವಿಯೊಳಗಿನ ಸದ್ದು (ಟಿನ್ನಿಟಸ್ ಅನ್ನುವುದು ಇದಕ್ಕೇ) ಇದ್ದೂ ಇಲ್ಲದ ಹಾಗೆ. 10 ಅಂದರೆ ತಡೆಯೋಕಾಗಲ್ಲ. ಎಡಕಿವಿಗೆ ನೀಲಿ ಶಾಯಿ, ಬಲಕಿವಿಗೆ ಕೆಂಪು. 47 ದಿನಗಳ ಲೆಕ್ಕ, ಒಂದು ಚೌಕವೂ ಖಾಲಿ ಇಲ್ಲ. ಕೆಲವು ಪುಟಗಳ ಅಂಚಿನಲ್ಲಿ ರಾತ್ರಿ 2 ಗಂಟೆ, 3 ಗಂಟೆ ಅಂತ ಬೇರೆ ಬರೆದು ಅಂಕಿ ಹಾಕಿದ್ದರು.

ಅವರು ಗಣಿತ ಮೇಷ್ಟ್ರು. ವಯಸ್ಸು 38. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನೋಟ್‌ಬುಕ್ ಮಾತ್ರ ಇದ್ದದ್ದು ಇದ್ದ ಹಾಗೆ.) ಕಿವಿಗೆ ಸಂಬಂಧಪಟ್ಟ ಯಾವ ತೊಂದರೆಯೂ ಹಿಂದೆ ಇರಲಿಲ್ಲ. ಜೊತೆಗೆ ಹೆಂಡತಿ ಬಂದಿದ್ದರು. ಅವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಸುಮ್ನೆ ನೋಡುತ್ತಿದ್ದರು.

ಆ ಸಂಜೆ ಆದದ್ದು

ಏಳು ವಾರದ ಹಿಂದೆ ಗೆಳೆಯರೊಬ್ಬರ ಸಮಾರಂಭ. ವಾದ್ಯಗೋಷ್ಠಿ, ಜೊತೆಗೆ ದೊಡ್ಡ ದೊಡ್ಡ ಸ್ಪೀಕರ್‌ಗಳು. ಮೇಷ್ಟ್ರಿಗೆ ಜಾಗ ಸಿಕ್ಕಿದ್ದು ಎಡಗಡೆಯ ಸ್ಪೀಕರ್ ಪಕ್ಕದಲ್ಲೇ. ಎದ್ದು ಹೋದರೆ ಗೆಳೆಯ ಏನಂದುಕೊಳ್ಳುತ್ತಾನೋ ಅಂತ ಎರಡೂವರೆ ಗಂಟೆ ಅಲ್ಲೇ ಇದ್ದರು. ಹೊರಗೆ ಬಂದಾಗ ಎಲ್ಲರ ಮಾತೂ ನೀರಿನೊಳಗಿಂದ ಕೇಳಿಸಿದ ಹಾಗಿತ್ತು. ಕಿವಿಗೆ ಹತ್ತಿ ತುರುಕಿದಂತೆ. ಅದರ ಹಿಂದೆ ಸಣ್ಣಗೆ "ಕುಂಯ್" ಅಂತ ಒಂದು ಸದ್ದು.

ಮಲಗಿ ಎದ್ದರೆ ಸರಿಹೋಗುತ್ತೆ ಅಂದುಕೊಂಡರು. ಅರ್ಧ ಸರಿಹೋಯಿತು. ಎರಡನೇ ದಿನಕ್ಕೆ ಮಂದ ಕಳೆದು ಮಾತೆಲ್ಲ ಸ್ಪಷ್ಟವಾಯಿತು. "ಕುಂಯ್" ಮಾತ್ರ ಉಳಿಯಿತು. ಮೂರನೇ ದಿನ ನೋಟ್‌ಬುಕ್ ಶುರುವಾಯಿತು.

ಅಲ್ಲಿ ಯಾರೂ ಸದ್ದು ಅಳೆದಿರಲಿಲ್ಲ. ಆದರೂ ಅಂದಾಜಿಗೆ 100 ಡೆಸಿಬೆಲ್ ಅಂತ ಇಟ್ಟುಕೊಳ್ಳಿ ಎಂದು ಹೇಳಿ ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕವನ್ನು ಅವರ ಮುಂದಿಟ್ಟೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ. ಹೇಳಿ ಮುಗಿಸುವ ಮೊದಲೇ ಅವರು ಬೆರಳು ಮಡಚುತ್ತಿದ್ದರು. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. "ನಾನಿದ್ದದ್ದು 150 ನಿಮಿಷ. ಅಂದ್ರೆ ಹತ್ತು ದಿನದ ಪಾಲು ಒಂದೇ ಸಂಜೆಗೆ ತಗೊಂಡೆ" ಅಂದರು. ಬಂದಾಗಿನಿಂದ ಮೊದಲ ಸಲ ಅವರ ದನಿಯಲ್ಲಿ ಜೀವ ಕಂಡಿತು. ಲೆಕ್ಕ ಸಿಕ್ಕಿತಲ್ಲ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಸಾಲಾಗಿ ಕೂತಿರುತ್ತವೆ. ಒಂದು ಕಿವಿಯಲ್ಲಿ ಹೊರಸಾಲಿನವು ಸುಮಾರು 12,000, ಒಳಸಾಲಿನವು ಸುಮಾರು 3,500. ಅಷ್ಟೇ. ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಮೊದಲು ಬಳಲುವುದು ಸಣ್ಣ ಕೀಚು ದನಿಗಳನ್ನು ಹಿಡಿಯುವ ಭಾಗ. ಬಳಲಿದ್ದು ಒಂದೆರಡು ದಿನದಲ್ಲಿ ಚೇತರಿಸಿಕೊಂಡರೆ ಕಿವಿಯ ಮಂದ ಹೋಗುತ್ತದೆ. ಹಾಗಂತ ಎಲ್ಲವೂ ಮೊದಲಿನಂತಾಯಿತು ಎನ್ನುವ ಹಾಗಿಲ್ಲ. 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಎಂಬ ಸಂಶೋಧಕರು ಇಲಿಗಳಿಗೆ ಎರಡು ಗಂಟೆ 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲವೇ ವಾರಗಳಲ್ಲಿ ಪರೀಕ್ಷೆಯಲ್ಲಿ ಕೇಳುವ ಶಕ್ತಿ ಪೂರ್ತಿ ವಾಪಸ್ ಬಂತು. ಕೋಶಗಳೂ ಉಳಿದಿದ್ದವು. ಆದರೆ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಕೆಲವು ಭಾಗದಲ್ಲಿ ಅರ್ಧದಷ್ಟು ಕಳಚಿಹೋಗಿದ್ದವು. ಇಲಿಯ ಲೆಕ್ಕವನ್ನು ನೇರವಾಗಿ ಮನುಷ್ಯರಿಗೆ ಹಾಕಬಾರದು. ಆದರೂ "ರಿಪೋರ್ಟ್ ನಾರ್ಮಲ್ ಇದೆ, ಸದ್ದು ಯಾಕೆ ಬರ್ತಿದೆ?" ಅಂತ ಕೇಳುವವರಿಗೆ ಇದೊಂದು ಸುಳಿವು.

ಕಿವಿಯಿಂದ ಬರಬೇಕಾದ ಸುದ್ದಿ ಕಡಿಮೆಯಾದಾಗ ಮಿದುಳು ಸುಮ್ಮನೆ ಕೂರುವುದಿಲ್ಲ. ತನ್ನ ಕಡೆಯಿಂದ ವಾಲ್ಯೂಮ್ ಏರಿಸುತ್ತದೆ. ಏರಿಸಿದಾಗ ನರಗಳ ಸ್ವಂತ ಗುಜುಗುಜುವೂ ಮೇಲೆ ಬರುತ್ತದೆ. ನಾವು ಕೇಳುವ "ಕುಂಯ್" ಹೆಚ್ಚಾಗಿ ಅದೇ.

ಏಳು ವಾರಗಳಲ್ಲಿ ನಡೆದದ್ದು

ಮೊದಲ ವಾರವೇ ಅವರು ಒಬ್ಬ ವೈದ್ಯರನ್ನು ನೋಡಿದ್ದರು. ತಮಟೆ ಸರಿಯಿದೆ, ಗುಗ್ಗೆ ಇಲ್ಲ, ಸೋಂಕಿಲ್ಲ. "ಇದಕ್ಕೆ ಔಷಧಿ ಇಲ್ಲ, ಒಗ್ಗಿಕೊಳ್ಳಬೇಕು" ಅಂದು ಕಳಿಸಿದ್ದರಂತೆ. ಮಾತು ಸುಳ್ಳಲ್ಲ. ಆದರೆ ಅರ್ಧಕ್ಕೇ ನಿಂತ ಮಾತು. ಒಗ್ಗಿಕೊಳ್ಳುವುದು ಹೇಗೆ, ಎಷ್ಟು ದಿನ, ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಹೇಳದೆ ಬಿಟ್ಟರೆ ಕೇಳಿದವರ ತಲೆಯಲ್ಲಿ ಉಳಿಯುವುದು "ಇಲ್ಲ" ಅನ್ನುವ ಒಂದೇ ಪದ. ನಮ್ಮ ಕಸುಬಿನವರು ಒಂದು ನಿಮಿಷ ಉಳಿಸಲು ಹೋಗಿ ಮಾಡುವ ಈ ತಪ್ಪಿಗೆ ರೋಗಿ ತಿಂಗಳುಗಟ್ಟಲೆ ಬೆಲೆ ತೆರುತ್ತಾನೆ. ಮೇಷ್ಟ್ರು ಆ ರಾತ್ರಿಯಿಂದ ಮೊಬೈಲ್‌ನಲ್ಲಿ ಹುಡುಕಲು ಕೂತರು.

ಹುಡುಕಿದಾಗ ಸಿಕ್ಕಿದ್ದು ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆ, ಸತುವಿನ ಮಾತ್ರೆ. ಎರಡನ್ನೂ ತಿಂದರು. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2014ರ ಮಾರ್ಗಸೂಚಿಯಲ್ಲೇ ಇವೆರಡನ್ನೂ ಟಿನ್ನಿಟಸ್‌ಗೆ ಕೊಡಬೇಡಿ ಎಂದಿದೆ. ನಿಲ್ಲಿಸಿ ಅಂದೆ, ನಿಲ್ಲಿಸಿದರು. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಕೆಡುಕು ಮಾಡಿದ್ದು ಇಯರ್‌ಪ್ಲಗ್. ಇನ್ನೊಮ್ಮೆ ಜೋರು ಸದ್ದು ಬಿದ್ದರೆ ಕಿವಿ ಪೂರ್ತಿ ಹೋಗುತ್ತೆ ಅನ್ನುವ ಹೆದರಿಕೆಯಿಂದ ಮೊದಲು ರಸ್ತೆಯಲ್ಲಿ ಹಾಕಿಕೊಂಡರು. ಆಮೇಲೆ ಸ್ಟಾಫ್ ರೂಮಿನಲ್ಲಿ. ಆಮೇಲೆ ಮನೆಯಲ್ಲಿ. ತರಗತಿಯಲ್ಲೂ ಎರಡು ದಿನ ಹಾಕಿ ನೋಡಿದರಂತೆ, ಮಕ್ಕಳ ಮಾತು ಕೇಳದೆ ಬಿಟ್ಟರು. ಐದನೇ ವಾರಕ್ಕೆ ಪಾತ್ರೆ ತೊಳೆಯುವ ಸದ್ದು ಚುಚ್ಚತೊಡಗಿತ್ತು. ಬಾಗಿಲು ಹಾಕಿದರೆ ಮೈ ಬೆಚ್ಚುತ್ತಿತ್ತು.

ಅಲ್ಲಿಯವರೆಗೆ ಸುಮ್ಮನಿದ್ದ ಹೆಂಡತಿ ಆಗ ಮಾತಾಡಿದರು. "ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಫ್ಯಾನ್ ಆಫ್ ಆಗಿರುತ್ತೆ, ಮೇಡಂ. ಇವರು ಮಂಚದ ತುದಿಯಲ್ಲಿ ಕತ್ತಲಲ್ಲಿ ಕೂತಿರ್ತಾರೆ. ಏನ್ ಮಾಡ್ತಿದೀರ ಅಂದ್ರೆ, ಶ್ ಅಂತಾರೆ. ಸದ್ದು ಇದೆಯಾ ಅಂತ ಕೇಳಿಸ್ಕೊಳ್ತಾ ಇರ್ತಾರೆ."

ಮೇಷ್ಟ್ರು ತಲೆ ತಗ್ಗಿಸಿದರು.

ಕೆಲವು ಪ್ರಶ್ನೆಗಳನ್ನು ಯಾರಿಗಾದರೂ ಕೇಳಲೇಬೇಕು. ಸದ್ದು ನಾಡಿಯ ಬಡಿತದ ಜೊತೆ ತಾಳ ಹಾಕುತ್ತಾ? ಒಂದೇ ಕಿವಿಯಲ್ಲಾ? ತಲೆ ಸುತ್ತುತ್ತಾ? ಎರಡು ಮೂರು ದಿನದೊಳಗೆ ಕಿವಿ ದಿಢೀರ್ ಅಂತ ಕೇಳದ ಹಾಗೆ ಆಯಿತಾ? ಇವುಗಳಲ್ಲಿ ಯಾವುದಕ್ಕೆ ಹೌದು ಎಂದರೂ ದಾರಿ ಬೇರೆ. ದಿಢೀರ್ ಕೇಳದೆ ಹೋದರೆ ಅದು ತುರ್ತು, ಸ್ಟಿರಾಯ್ಡ್ ಕೊಡುವುದಿದ್ದರೆ ಮೊದಲ ಎರಡು ವಾರದೊಳಗೆ ಕೊಡಬೇಕು. ಮೇಷ್ಟ್ರಿಗೆ ಇವು ಯಾವುದೂ ಇರಲಿಲ್ಲ. ಕೊನೆಯ ಪ್ರಶ್ನೆ: ಸಾಯಬೇಕು ಅಂತ ಅನಿಸುತ್ತಾ? ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಹಾಗಲ್ಲ. ಬೆಳಗಾಗೋದೇ ಬೇಡ ಅನ್ಸುತ್ತೆ, ಒಂದೊಂದ್ಸಲ." ಅದನ್ನು ಹಾಗೇ ಫೈಲಿನಲ್ಲಿ ಬರೆದೆ. ಅದೇ ವಾರ ಮನಃಶಾಸ್ತ್ರಜ್ಞರ ಹತ್ತಿರ ಕಳಿಸಿದೆ. ಮೇಷ್ಟ್ರ ಹೆಂಡತಿಗೂ ತಿಳಿಸಿದೆ, ಮೇಷ್ಟ್ರ ಎದುರೇ.

ಅಳತೆ, ಮತ್ತು ನನ್ನ ತಪ್ಪು

ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿಯ ನಕ್ಷೆ, ನಿರೀಕ್ಷಿಸಿದ ಹಾಗೇ ಬಂತು. ಇದರಲ್ಲಿ ಕಿಲೋಹರ್ಟ್ಜ್ ಹೆಚ್ಚಿದಷ್ಟೂ ದನಿ ಸಣ್ಣ; ಡೆಸಿಬೆಲ್ ಅಂಕಿ ಹೆಚ್ಚಿದಷ್ಟೂ ಕಿವಿ ಮಂದ, ಗೆರೆ ಕೆಳಗೆ. 2 ಕಿಲೋಹರ್ಟ್ಜ್‌ವರೆಗೆ ಎರಡೂ ಕಿವಿ ಚೆನ್ನಾಗಿವೆ. ಎಡಕಿವಿಯಲ್ಲಿ 4 ಕಿಲೋಹರ್ಟ್ಜ್‌ನಲ್ಲಿ 30 ಡೆಸಿಬೆಲ್‌ಗೆ ಇಳಿದು, 6ರಲ್ಲಿ 40ಕ್ಕೆ ಬಿದ್ದು, 8ರಲ್ಲಿ ಮತ್ತೆ 20ಕ್ಕೆ ಏರಿದೆ. ಬಲಕಿವಿಯಲ್ಲೂ ಅದೇ ಗುಂಡಿ, ಆಳ 10 ಡೆಸಿಬೆಲ್ ಕಡಿಮೆ. ಗೆರೆಯಲ್ಲಿ ಹೀಗೆ ಒಂದು ಕಡೆ ಕುಸಿದು ಮತ್ತೆ ಮೇಲೇಳುವ ಗುಂಡಿ ಸದ್ದಿನ ಏಟಿನ ಗುರುತು. ವಯಸ್ಸಾಗಿ ಬರುವ ಕಿವುಡಿನಲ್ಲಿ ಗೆರೆ ಇಳಿದದ್ದು ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ.

ಆಮೇಲೆ ಅವರ ಒಳಗಿನ ಸದ್ದಿಗೆ ಹೊರಗಿನ ಸದ್ದನ್ನು ಹೊಂದಿಸಿ ನೋಡುವ ಪರೀಕ್ಷೆ. ಹೆಡ್‌ಫೋನ್‌ನಲ್ಲಿ ಒಂದೊಂದೇ ದನಿ ಕೊಡುತ್ತಾ ಹೋಗುವುದು. ಇದಕ್ಕಿಂತ ಸಣ್ಣದಾ, ದಪ್ಪದಾ? ಇದಕ್ಕಿಂತ ಜೋರಾ, ಮೆಲ್ಲಗಾ? 6 ಕಿಲೋಹರ್ಟ್ಜ್ ಹತ್ತಿರ ಅವರು ಕೈ ಎತ್ತಿದರು. "ಇದೇ, ಇದೇ." ಜೋರು ಎಷ್ಟು? ಅವರ ಕಿವಿಗೆ ಕೇಳಿಸಲು ಶುರುವಾಗುವ ಮಟ್ಟಕ್ಕಿಂತ ಬರೀ 6 ಡೆಸಿಬೆಲ್ ಮೇಲೆ.

ಇದು ಅಪರೂಪವೇನಲ್ಲ. ಬಹುತೇಕ ಜನರಲ್ಲಿ ಈ ಅಳತೆ 10 ಡೆಸಿಬೆಲ್ ಒಳಗೇ ಇರುತ್ತದೆ. ನನಗೆ ಅದು ಒಳ್ಳೆಯ ಸುದ್ದಿ ಅನಿಸಿತು. ಖುಷಿಯಿಂದಲೇ ಹೇಳಿದೆ. "ನೋಡಿ ಸರ್, ಬರೀ ಆರು. ಪಿಸುಮಾತಿಗಿಂತ ಮೆಲ್ಲಗಿದೆ."

ಅವರ ಮುಖ ಕೆಂಪಾಯಿತು. "ಹಾಗಾದ್ರೆ ನಾನು ನಾಟಕ ಮಾಡ್ತಿದೀನಾ?"

ಅಂಕಿ ಕಡಿಮೆ ಅಂದರೆ ನೋವೂ ಕಡಿಮೆ ಅಂತ ನಾನು ಹೇಳಿರಲಿಲ್ಲ. ಆದರೆ ಅವರಿಗೆ ಕೇಳಿಸಿದ್ದು ಹಾಗೇ. ಏಳು ವಾರ ನಿದ್ದೆಯಿಲ್ಲದೆ ಬಂದವರಿಗೆ "ಬರೀ ಆರು" ಅನ್ನಬಾರದಿತ್ತು. ಕ್ಷಮೆ ಕೇಳಿದೆ. ನಂತರ ಸದ್ದು ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯುವ ಟಿಎಚ್‌ಐ ಎಂಬ ಪ್ರಶ್ನಾವಳಿ ಕೊಟ್ಟೆ. 1996ರಿಂದ ಬಳಕೆಯಲ್ಲಿದೆ. 25 ಪ್ರಶ್ನೆ, ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ 0. ನಾನು ಕೂಡುವ ಮೊದಲೇ ಅವರೇ ಕೂಡಿ ಹೇಳಿದರು: 64. ಅದು "ತೀವ್ರ" ಅನ್ನುವ ಸಾಲಿಗೆ ಸೇರುತ್ತದೆ. ಸದ್ದಿನ ಅಳತೆ 6, ಕಷ್ಟದ ಅಳತೆ 64. ಎರಡೂ ನಿಜ. ಮಧ್ಯದಲ್ಲಿರುವುದೇನು ಅನ್ನುವುದೇ ಚಿಕಿತ್ಸೆ.

1990ರಲ್ಲಿ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ ಇದನ್ನು ವಿವರಿಸಲು ಒಂದು ಮಾದರಿ ಕೊಟ್ಟರು. ಸದ್ದು ಹುಟ್ಟುವುದು ಒಂದು ಕಡೆ, ಕಾಡುವುದು ಇನ್ನೊಂದು ಕಡೆ. ಮಿದುಳು ಆ ಸದ್ದಿಗೆ "ಅಪಾಯ" ಅಂತ ಚೀಟಿ ಅಂಟಿಸಿದರೆ ಮೈಯೆಲ್ಲ ಎಚ್ಚರವಾಗುತ್ತದೆ. ಎಚ್ಚರವಾದಷ್ಟೂ ಕಿವಿ ಅದನ್ನೇ ಹುಡುಕುತ್ತದೆ. ಮೇಷ್ಟ್ರಿಗೆ ಇದನ್ನು ಅವರ ಕಸುಬಿನಲ್ಲೇ ಹೇಳಿದೆ. ಗಲಾಟೆ ತರಗತಿಯಲ್ಲಿ ಒಬ್ಬ ಹುಡುಗ ಪೆನ್ನಿನ ಗುಂಡಿ ಟಕ್ ಟಕ್ ಅನ್ನಿಸಿದರೆ ನಿಮಗೆ ಗೊತ್ತೇ ಆಗಲ್ಲ. ಪರೀಕ್ಷೆ ಹಾಲ್‌ನಲ್ಲಿ ಅದೇ ಟಕ್ ಟಕ್ ಶುರುವಾದರೆ? ಅವರು ಥಟ್ಟನೆ "ಎದ್ದು ಹೋಗಿ ಪೆನ್ನು ಕಿತ್ಕೊಳ್ತೀನಿ" ಅಂದರು. ರಾತ್ರಿ ಫ್ಯಾನ್ ಆಫ್ ಮಾಡಿ ಕೂತು ನೀವು ಕಿವಿಯೊಳಗೆ ಪರೀಕ್ಷೆ ಹಾಲ್ ಮಾಡ್ತಿದೀರ ಅಂದೆ.

1953ರ ಒಂದು ಪ್ರಯೋಗದ ಬಗ್ಗೆಯೂ ಹೇಳಿದೆ. ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬುವರು ಕಿವಿ ಚೆನ್ನಾಗಿರುವ 80 ಜನರನ್ನು ಒಬ್ಬೊಬ್ಬರಾಗಿ ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳಿತು ಎಂದರು. "75 ಜನ" ಅಂದರು ಮೇಷ್ಟ್ರು. "ಉಳಿದ ಐದು ಜನ ನಿದ್ದೆ ಮಾಡಿರ್ಬೇಕು." ಹೆಂಡತಿ ನಕ್ಕರು. ಇವರು ತಮಾಷೆ ಮಾಡಿ ಎಷ್ಟು ದಿನ ಆಯ್ತೋ ಅಂದರು.

ನೋಟ್‌ಬುಕ್ ಬಾಯಿಬಿಟ್ಟದ್ದು

ನೋಟ್‌ಬುಕ್ ನಿಲ್ಲಿಸಿ ಎಂದಾಗ ಅವರು ಒಪ್ಪಲಿಲ್ಲ. "ಡೇಟಾ ಇಲ್ದೆ ಕಡಿಮೆ ಆಗ್ತಿದ್ಯೋ ಜಾಸ್ತಿ ಆಗ್ತಿದ್ಯೋ ಹೇಗೆ ಗೊತ್ತಾಗುತ್ತೆ?" ನ್ಯಾಯವಾದ ಪ್ರಶ್ನೆ. ಆದರೆ ಗಂಟೆಗೊಮ್ಮೆ ಅಂಕಿ ಹಾಕಬೇಕಾದರೆ ಗಂಟೆಗೊಮ್ಮೆ ಒಳಗೆ ಕಿವಿಗೊಡಬೇಕು. ಅಳತೆಯೇ ರೋಗಕ್ಕೆ ಮೇವು. ಇದನ್ನು ಬಾಯಲ್ಲಿ ಹೇಳಿದರೆ ಅವರ ತಲೆಗೆ ಹೋಗುವ ಹಾಗಿರಲಿಲ್ಲ.

ಪುಟ ತಿರುವುತ್ತಾ ಒಂದು ಕಡೆ ನನ್ನ ಬೆರಳು ನಿಂತಿತು. ಬೇರೆ ಗಂಟೆಗಳ ಅಂಕಿಗಳು ಒಂದೊಂದು ಒಂದೊಂದು ಥರ. ಒಂದು ಒತ್ತಿ ಬರೆದದ್ದು, ಒಂದು ಓರೆ, ಒಂದು ಗಡಿಬಿಡಿ. ಆದರೆ ಕೆಲಸದ ದಿನಗಳ ಬೆಳಗ್ಗೆ 10ರಿಂದ ಮಧ್ಯಾಹ್ನ 1ರ ಚೌಕಗಳಲ್ಲಿ ಸಾಲಾಗಿ 4, 4, 4. ಒಂದೇ ಬೀಸು, ಒಂದೇ ಒತ್ತು. ಕುಡುಗೋಲಿನ ಹಾಗೆ ಒಂದೇ ಓರೆ.

"ಇವನ್ನು ಯಾವಾಗ ಬರೆದ್ರಿ?"

"ಪಾಠ ಮಾಡುವಾಗ ಬರೆಯೋಕಾಗಲ್ವಲ್ಲ. ಆಮೇಲೆ ಊಟದ ಹೊತ್ತಲ್ಲಿ ತುಂಬಿಸ್ತೀನಿ."

"ಆ ಹೊತ್ತಲ್ಲಿ 4 ಇತ್ತು ಅಂತ ಹೇಗೆ ಗೊತ್ತು?"

ಅವರು ಪುಟವನ್ನೇ ನೋಡುತ್ತಾ ಕೂತರು. ಒಂದು ಪುಟ ಹಿಂದೆ ಹೋದರು. ಇನ್ನೊಂದು ಪುಟ. "ಗೊತ್ತಿಲ್ಲ" ಅಂದರು ಕೊನೆಗೆ. "ಮಧ್ಯದ ಅಂಕಿ ಇರ್ಲಿ ಅಂತ ಹಾಕಿದೀನಿ."

ದಿನಕ್ಕೆ ಮೂರು ಗಂಟೆ ಅವರಿಗೆ ಆ ಸದ್ದು ಕೇಳಿಸಿಯೇ ಇರಲಿಲ್ಲ. ಸದ್ದು ಎಲ್ಲೂ ಹೋಗಿರಲಿಲ್ಲ, ಅವರು ಬೇರೆ ಕಡೆ ಹೋಗಿದ್ದರು. ನಾನು ಒಂದು ಗಂಟೆ ಮಾತಾಡಿದ್ದರೂ ಆಗದ ಕೆಲಸ ಆ ನಾಲ್ಕುಗಳ ಸಾಲಿನಿಂದ ಆಯಿತು. ಗಣಿತದವರಿಗೆ ಕಳ್ಳಲೆಕ್ಕ ಸಿಕ್ಕಿಬಿದ್ದರೆ ಹೇಗೆ ಬಿಡುತ್ತಾರೆ? ನೋಟ್‌ಬುಕ್ ದಿನಕ್ಕೆ ಮೂರು ಸಲಕ್ಕೆ ಇಳಿಯಲಿ, ಎರಡು ವಾರ ಬಿಟ್ಟು ಒಂದು ಸಲಕ್ಕೆ, ಆಮೇಲೆ ವಾರಕ್ಕೊಂದು ಸಲ ಅಂತ ಒಪ್ಪಂದವಾಯಿತು. ಕೇಳಿಸದ ಗಂಟೆಗೆ ಅಂಕಿ ಊಹಿಸುವ ಹಾಗಿಲ್ಲ, ಚೌಕ ಖಾಲಿ ಬಿಡಬೇಕು.

ಮುಂದಿನ ನಾಲ್ಕು ತಿಂಗಳು

ಇಯರ್‌ಪ್ಲಗ್ ಬಿಡಿಸುವುದು ಸುಲಭವಾಗಲಿಲ್ಲ. ಬಿಡಬೇಕು ಯಾಕೆ ಅಂತ ಮೊದಲು ಹೇಳಬೇಕಿತ್ತು. 2012ರಲ್ಲಿ ಶೇಟೆ ಮತ್ತು ಸಂಗಡಿಗರು ಕಿವಿ ಚೆನ್ನಾಗಿದ್ದ 18 ಜನರ ಒಂದು ಕಿವಿಗೆ ಏಳು ದಿನ ಪ್ಲಗ್ ಹಾಕಿಸಿದರು. ಅವರಲ್ಲಿ 14 ಜನರಿಗೆ ಇಲ್ಲದ ಸದ್ದು ಕೇಳತೊಡಗಿತು. ಪ್ಲಗ್ ತೆಗೆದ ಮೇಲೆ ಹೋಯಿತು. ಹೊರಗಿನ ಸದ್ದು ಮುಚ್ಚಿದರೆ ಮಿದುಳು ಒಳಗಿನ ವಾಲ್ಯೂಮ್ ಏರಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ? ಪಾತ್ರೆಯ ಸದ್ದು ಅವರಿಗೆ ಚುಚ್ಚತೊಡಗಿದ್ದೂ ಇದರಿಂದಲೇ. ಮೊದಲ ವಾರ ಮನೆಯಲ್ಲಿ ಬೆಳಗ್ಗೆ ಒಂದು ಗಂಟೆ ಪ್ಲಗ್ ಇಲ್ಲ. ಎರಡನೇ ವಾರ ಎರಡು ಗಂಟೆ. ಹೀಗೆ ಆರು ವಾರ ಹಿಡಿಯಿತು. ಪ್ಲಗ್ ಕಸದ ಬುಟ್ಟಿಗಲ್ಲ, ಚೀಲದಲ್ಲೇ ಇರಲಿ ಅಂದೆ. ನಿಜವಾಗಿ ಜೋರು ಸದ್ದಿರುವ ಕಡೆ ಬೇಕೇ ಬೇಕು.

ರಾತ್ರಿಗೆ ಫ್ಯಾನ್ ವಾಪಸ್ ಬಂತು. ಜೊತೆಗೆ ಮೊಬೈಲ್‌ನಲ್ಲಿ ಮಳೆಯ ಸದ್ದು, ಮೆಲ್ಲಗೆ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ, ಇವರೂ ಮಾಡಿದರು. ಒಳಗಿನ ಸದ್ದು ಪೂರ್ತಿ ಮುಳುಗುವಷ್ಟು ಮಳೆ ಸುರಿಸಿದರು. ಹಾಗೆ ಮುಳುಗಿಸಿದರೆ ಮಿದುಳಿಗೆ ಅದರ ಪಕ್ಕದಲ್ಲಿ ಸುಮ್ಮನಿರುವ ಅಭ್ಯಾಸವೇ ಆಗುವುದಿಲ್ಲ. ಮಳೆ ನಿಂತ ಕೂಡಲೇ "ಕುಂಯ್" ಎದ್ದು ಕೂರುತ್ತದೆ. ಎರಡೂ ಕೇಳುವ ಹಾಗೆ, ಹೊರಗಿನದು ಒಂದು ಕೂದಲು ಕೆಳಗೆ ಇರುವ ಹಾಗೆ ಇಡಬೇಕು.

ಮನಃಶಾಸ್ತ್ರಜ್ಞರ ಹತ್ತಿರ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ದಾರಿ ಬದಲಿಸುವ ಮಾತಿನ ಚಿಕಿತ್ಸೆ, ಎಂಟು ಸಲ ನಡೆಯಿತು. ಟಿನ್ನಿಟಸ್‌ಗೆ ಸದ್ಯಕ್ಕೆ ಇದಕ್ಕೇ ಒಳ್ಳೆಯ ಪುರಾವೆ ಇರುವುದು. ಸದ್ದನ್ನು ಇದು ತಗ್ಗಿಸುವುದಿಲ್ಲ, ಅದರ ಕಾಟವನ್ನು ತಗ್ಗಿಸುತ್ತದೆ. ಒಳಗೆ ನಡೆದ ಮಾತು ಅವರವರದು. ನನಗೆ ಮೇಷ್ಟ್ರು ಹೇಳಿದ್ದು ಒಂದೇ: "ಇದು ಹೀಗೇ ಇದ್ರೆ ಪಾಠ ಮಾಡೋಕೇ ಆಗಲ್ಲ" ಅಂತ ಬರೆಯಲು ಹೇಳಿ, ಅದರ ಕೆಳಗೆ ಆ ವಾರ ತೆಗೆದುಕೊಂಡ ತರಗತಿಗಳ ಸಂಖ್ಯೆ ಬರೆಸಿದರಂತೆ. 26. ನಿದ್ದೆ ಬರದಿದ್ದರೆ ಮಂಚದಲ್ಲಿ ಹೊರಳದೆ ಎದ್ದು ಬೇರೆ ಕೋಣೆಗೆ ಹೋಗಿ, ನಿದ್ದೆ ಹತ್ತಿದಾಗ ಮಾತ್ರ ಬನ್ನಿ ಅಂತಲೂ ಹೇಳಿದ್ದರು. ಹೆಂಡತಿಗೆ ಈ ಸಲಹೆ ಬಹಳ ಹಿಡಿಸಿತು. ಮೊದಲ ಭೇಟಿಯಲ್ಲಿ ಹೇಳಿದ "ಬೆಳಗಾಗೋದೇ ಬೇಡ" ಅನ್ನುವ ಮಾತನ್ನು ಪ್ರತಿ ಸಲವೂ ಕೇಳಿ ನೋಡಿದೆವು. ಆರನೇ ವಾರದ ನಂತರ ಅದು ಮತ್ತೆ ಬರಲಿಲ್ಲ.

ಮಧ್ಯೆ ಒಂದು ದಿನ ಗಾಬರಿಯಿಂದ ಫೋನ್ ಬಂತು. ಹಲ್ಲು ಕಚ್ಚಿದರೆ ಸದ್ದು ಜಾಸ್ತಿಯಾಗುತ್ತಿದೆ! ಕತ್ತು ತಿರುಗಿಸಿದರೂ ಬದಲಾಗುತ್ತದೆ! ಇದು ಬಹಳ ಜನರಿಗೆ ಆಗುತ್ತದೆ. ದವಡೆ, ಕತ್ತಿನ ನರಗಳ ಸುದ್ದಿಯೂ ಕಿವಿಯ ಸುದ್ದಿಯೂ ಮಿದುಳಿನ ಕಾಂಡದಲ್ಲಿ ಒಂದು ಕಡೆ ಸೇರುತ್ತವೆ. ಹಾಗಾಗಿ ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ. ಕಿವಿ ಕೆಡುತ್ತಿದೆ ಅಂತಲ್ಲ. "ಹಾಗಾದ್ರೆ ದಿನಕ್ಕೆಷ್ಟು ಸಲ ಕಚ್ಚಿ ನೋಡಿದ್ರಿ?" ಅಂದೆ. ಆ ಕಡೆ ಮೌನ. ಅದಕ್ಕೂ ಲೆಕ್ಕ ಇಟ್ಟಿದ್ದರೋ ಏನೋ, ಕೇಳಲಿಲ್ಲ.

ನಾಲ್ಕನೇ ತಿಂಗಳಲ್ಲಿ ಶಾಲೆಯ ಬೆಂಕಿ ಅಲಾರಂ ಅವರ ತಲೆಯ ಮೇಲೆಯೇ ಹೊಡೆದುಕೊಂಡಿತು. ಅರ್ಧ ನಿಮಿಷವಿರಬಹುದು. ಸದ್ದು ಎದ್ದು ಮೂರು ದಿನ ಹಾಗೇ ಇತ್ತು. ಮೊದಲ ದಿನ ಹಳೇ ನೋಟ್‌ಬುಕ್ ಹೊರಬಂತು, 14 ಚೌಕ ತುಂಬಿದವು, ಪ್ಲಗ್ ಕಿವಿಗೆ ಹೋಯಿತು. ಎರಡನೇ ದಿನ ಮಧ್ಯಾಹ್ನ ಅವರೇ ಪ್ಲಗ್ ತೆಗೆದರು. ನನಗೆ ಫೋನ್ ಮಾಡಲಿಲ್ಲ. ವಾರ ಕಳೆದು ಭೇಟಿಗೆ ಬಂದಾಗ, ಹೇಳಲೋ ಬೇಡವೋ ಎನ್ನುವ ಹಾಗೆ ಹೇಳಿದರು. ಇಂಥ ಏರಿಳಿತ ಬಂದೇ ಬರುತ್ತದೆ ಎಂದು ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ ಒಂದು ಕೆಟ್ಟ ದಿನ ಎಲ್ಲವನ್ನೂ ಮೊದಲಿನ ಚೌಕಕ್ಕೆ ತಂದು ನಿಲ್ಲಿಸುತ್ತದೆ. ಈ ಒಂದು ವಿಷಯದಲ್ಲಿ ನಾನು ಎಚ್ಚರವಾಗಿದ್ದೆ.

ಒಂಬತ್ತನೇ ತಿಂಗಳು

ಒಬ್ಬರೇ ಬಂದರು. ಚೀಲದಲ್ಲಿ ನೋಟ್‌ಬುಕ್ ಇರಲಿಲ್ಲ. ಇತ್ತೀಚೆಗೆ ಒಂದು ಸಮಾರಂಭಕ್ಕೆ ಹೋಗಿದ್ದ ಕಥೆ ಹೇಳಿದರು. ಬಾಗಿಲಲ್ಲೇ ಮೊಬೈಲ್ ಆ್ಯಪ್‌ನಲ್ಲಿ ಅಳೆದರಂತೆ, 97. ಅರ್ಧ ಗಂಟೆಯ ಲೆಕ್ಕ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತೆ ಅಂತ ನಾನು ಯಾವಾಗಲೋ ಹೇಳಿದ್ದು ಅವರಿಗೆ ನೆನಪಿತ್ತು. ಸ್ಪೀಕರ್‌ನಿಂದ ಹೆಜ್ಜೆ ಎಣಿಸಿ, ಅಷ್ಟೇ ಹೆಜ್ಜೆ ಮತ್ತೆ ಹಿಂದೆ ಹೋಗಿ, ಪ್ಲಗ್ ಹಾಕಿಕೊಂಡು 40 ನಿಮಿಷ ಕೂತು, ಎದ್ದು ಬಂದರಂತೆ. "ಗೆಳೆಯ ಏನಾದ್ರೂ ಅಂದುಕೊಂಡ್ನಾ?" ಅಂದೆ. "ಅಂದುಕೊಳ್ಳಲಿ ಬಿಡಿ."

ಟಿಎಚ್‌ಐ 64ರಿಂದ 18ಕ್ಕೆ ಇಳಿದಿತ್ತು. ಅದು "ಸೌಮ್ಯ" ಸಾಲಿನ ಮೊದಲ ಅಂಕಿ. ಇನ್ನೂ ಕೆಲವು ಸಂಜೆ, ಸುಸ್ತಾದಾಗ, ಓದುವಾಗ ಕಾಡುತ್ತದೆ. ಆಡಿಯೋಗ್ರಾಂ ಮೊದಲಿನದರ ಪಡಿಯಚ್ಚು, 6 ಕಿಲೋಹರ್ಟ್ಜ್‌ನಲ್ಲಿ ಅದೇ 40. ಆ ಕೋಶಗಳು ವಾಪಸ್ ಬರುವುದಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಕೊನೆಗೆ ಸದ್ದು ಹೊಂದಿಸುವ ಪರೀಕ್ಷೆ ಮತ್ತೆ ಮಾಡಿದೆ. ಹೆಡ್‌ಫೋನ್ ಹಾಕಿದ ಮೇಲೆ ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹುಡುಕಬೇಕಾಯಿತು. "ಒಂದ್ನಿಮಿಷ ಇರಿ... ಹಾಂ, ಸಿಕ್ತು." ಈ ಸಲ 7 ಡೆಸಿಬೆಲ್. ಒಂದು ಜಾಸ್ತಿ. ಈ ಪರೀಕ್ಷೆಯಲ್ಲಿ ಒಂದೆರಡು ಆಚೀಚೆ ಲೆಕ್ಕಕ್ಕಿಲ್ಲ. ಆದರೂ ಹಿಂದಿನ ಸಲದ ಕೆಂಪು ಮುಖ ನೆನಪಾಗಿ ಪೆನ್ನು ಹಿಡಿದು ಸುಮ್ಮನಾದೆ. ಹೇಳಲಾ, ಬೇಡವಾ? ಲೆಕ್ಕದವರಿಂದ ಲೆಕ್ಕ ಮುಚ್ಚಿಡುವುದು ಸರಿಯಲ್ಲ ಅನಿಸಿತು.

"ಏಳು" ಅಂದೆ. "ಆಗ ಆರಿತ್ತು."

"ಓ" ಅಂದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಗಡಿಯಾರ ನೋಡಿದರು. ಹನ್ನೊಂದೂವರೆಗೆ ಒಂದು ತರಗತಿ ಇದೆ ಅಂತ ಛತ್ರಿ ತಗೊಂಡು ಎದ್ದರು.